ಕೇಳಿ, ಹೇಳುತ್ತೇನೆ: ಫಿಗ್ಮಾ ತೆರೆದರೆ ಹೊಟ್ಟೆ ತೊಳಸುತ್ತದೆ

ಹೋದ ಸಂಚಿಕೆಯಲ್ಲಿ ಯುಎಕ್ಸ್ ಡಿಸೈನ್, ಅಂದರೆ ಆ್ಯಪ್, ವೆಬ್‌ಸೈಟ್ ಬಳಸಲು ಸುಲಭ ಆಗುವ ಹಾಗೆ ರೂಪಿಸುವ ಕೆಲಸಕ್ಕೆ ಸೇರುವುದು ಹೇಗೆ ಅಂತ ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಗಲೇ ಸೇರಿದವರದ್ದು. ಬಿಟ್ಟುಬಿಡೋಣವಾ ಅಂತ ಯೋಚಿಸುತ್ತಿರುವವರದ್ದು. ನನಗೆ ಆಶ್ಚರ್ಯ ಆಗಲಿಲ್ಲ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, 17 ವರ್ಷ ಬೆಂಗಳೂರಿನಲ್ಲಿ, ಈಗ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಮನೆಯಿಂದ. ನಡುವೆ ಒಮ್ಮೆ ನಾನೂ ಇದೇ ಪತ್ರ ಬರೆಯಬೇಕಿತ್ತು. ಬರೆಯಲು ಯಾರೂ ಇರಲಿಲ್ಲ ಅಷ್ಟೆ.

ತಲೆಬರಹದ ಫಿಗ್ಮಾ ಅಂದರೆ ನಾವು ಸ್ಕ್ರೀನ್ ಬಿಡಿಸುವ ಸಾಫ್ಟ್‌ವೇರ್. ಐದು ಪತ್ರ ಆರಿಸಿದ್ದೇನೆ. ಮೊದಲನೆಯದಕ್ಕೇ ಅರ್ಧ ಜಾಗ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಅಕ್ಕಾ, ನನಗೆ 31. ಎಂಟು ವರ್ಷದಿಂದ ಯುಎಕ್ಸ್ ಡಿಸೈನರ್. ಕಂಪನಿ ಬೆಂಗಳೂರಿನಲ್ಲಿ, ಒಂದು ವರ್ಷದಿಂದ ಕೆಲಸ ಊರಿನ ಮನೆಯಿಂದಲೇ. ಮೊದಲೆಲ್ಲ ರಾತ್ರಿ ಹತ್ತರ ತನಕ ಖುಷಿಯಲ್ಲಿ ಕೂರುತ್ತಿದ್ದೆ. ಈಗ ಬೆಳಿಗ್ಗೆ ಫಿಗ್ಮಾ ತೆರೆದರೆ ಹೊಟ್ಟೆ ತೊಳಸುತ್ತದೆ. ಮೀಟಿಂಗಿನಲ್ಲಿ ಯಾರಾದರೂ ಬಳಕೆದಾರರ ಕಷ್ಟದ ಮಾತೆತ್ತಿದರೆ 'ಯಾರಿಗೆ ಬೇಕು' ಅನಿಸುತ್ತದೆ. ಒಂದು ವಾರ ರಜೆ ಹಾಕಿ ಮಲಗಿದೆ. ಸೋಮವಾರ ಮತ್ತೆ ಅದೇ. ಮನೆಸಾಲ ಇದೆ, ಬಿಡುವ ಹಾಗಿಲ್ಲ. ನಾನು ಸೋಮಾರಿ ಆಗಿದ್ದೇನಾ?
— ಹೆಸರು ಬೇಡ, ಕುಂಬಳೆ

ಉತ್ತರ: ಅಕ್ಕಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಸೋಮಾರಿಗೆ ಹೊಟ್ಟೆ ತೊಳಸುವುದಿಲ್ಲ ಮಾರಾಯ್ತಿ. ಸೋಮಾರಿ ಆರಾಮಾಗಿ ಮಲಗುತ್ತಾನೆ.

ನಿನಗೆ ಆಗಿರುವುದಕ್ಕೆ ಹೆಸರಿದೆ, ಬರ್ನ್‌ಔಟ್. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಈ ಮಾತನ್ನಿಟ್ಟು ಒಂದು ಲೇಖನ ಬರೆದರು. ಅವರು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರು. ಅಲ್ಲಿ ಕುಸಿದು ಹೋಗುತ್ತಿದ್ದವರು ಯಾರು ಗೊತ್ತಾ? ಮನಸ್ಸಿಟ್ಟು ಕೆಲಸ ಮಾಡುತ್ತಿದ್ದವರೇ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಇದನ್ನು ಸೇರಿಸಿತು. ರೋಗ ಅಂತಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಒಂದು ಸ್ಥಿತಿ ಅಂತ. ಗುರುತು ಮೂರು. ಶಕ್ತಿ ಬತ್ತಿ ಹೋಗುವುದು ಒಂದು. ಕೆಲಸದಿಂದ ಮನಸ್ಸು ದೂರವಾಗಿ ಎಲ್ಲದಕ್ಕೂ ತಾತ್ಸಾರ ಬರುವುದು ಇನ್ನೊಂದು. ನನ್ನ ಕೈಯಲ್ಲಿ ಏನೂ ಆಗುವುದಿಲ್ಲ ಅನಿಸುವುದು ಮೂರನೆಯದು. ಮೊದಲ ಎರಡು ನಿನ್ನ ಪತ್ರದಲ್ಲಿ ನೇರವಾಗಿ ಇವೆ. ಮೂರನೆಯದು 'ನಾನು ಸೋಮಾರಿ ಆಗಿದ್ದೇನಾ' ಎಂಬ ಪ್ರಶ್ನೆಯ ಒಳಗೆ ಕೂತಿದೆ.

ರಜೆಯಿಂದ ಹೋಗುವುದು ದಣಿವು. ನೀನು ಮಲಗಿದೆ, ದಣಿವು ಹೋಗಿರಬಹುದು. ಆದರೆ ಸೋಮವಾರ ಎದ್ದು ಹೋದದ್ದು ಅದೇ ಜಾಗಕ್ಕೆ ಅಲ್ವಾ?

ನನ್ನ ಕಥೆ ಹೇಳುತ್ತೇನೆ. 2016. ಹಣ ಪಾವತಿಯ ಆ್ಯಪ್ ಮಾಡುವ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ. ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾಯಿತು. ಮರುದಿನದಿಂದ ನಮ್ಮ ಆಫೀಸಿನಲ್ಲಿ ಹಗಲು ಯಾವುದು, ರಾತ್ರಿ ಯಾವುದು ಅಂತ ಇಲ್ಲ. ಅಂಗಡಿಯವರು ಹಣ ಪಡೆಯುವ ಒಂದೇ ಒಂದು ಸ್ಕ್ರೀನ್ ನನ್ನ ಪಾಲಿಗೆ ಬಂತು. ಅದನ್ನು 14 ಸಲ ತಿದ್ದಿದೆ. ನನಗೆ ಸರಿ ಕಂಡದ್ದು ಐದನೆಯದು. ಒಂಬತ್ತನೆಯದರಲ್ಲಿ ಮೇಲಿನಿಂದ ಯಾರೋ ಒಬ್ಬರು 'ಆಫರ್' ಅಂತ ಒಂದು ಬಟನ್ ಸೇರಿಸಲು ಹೇಳಿದರು, ಅದೂ ಹೆಬ್ಬೆರಳು ತಾಗುವ ಜಾಗದಲ್ಲೇ. ಬೇಡ ಅಂದೆ. ಯಾಕೆ ಅಂದರು. 'ಗೊಂದಲ ಆಗುತ್ತದೆ' ಅಂದೆ. 'ನಿಮಗೆ ಹಾಗನಿಸುತ್ತದೆ' ಅಂದರು. ಮುಗಿಯಿತು. ಬಟನ್ ಬಂತು.

ಕೋಡ್ ನೋಡಿ ಯಾರೂ ಅಭಿಪ್ರಾಯ ಹೇಳುವುದಿಲ್ಲ, ಅರ್ಥ ಆಗಬೇಕಲ್ಲ. ಸ್ಕ್ರೀನ್ ಹಾಗಲ್ಲ. ಮದುವೆ ಊಟದ ಸಾರಿನ ಹಾಗೆ. ಉಂಡವರೆಲ್ಲರೂ ಒಂದು ಮಾತು ಹೇಳಿಯೇ ಏಳುತ್ತಾರೆ. ಅಡುಗೆ ಭಟ್ಟರಿಗಾದರೂ ಸೌಟು ತನ್ನ ಕೈಯಲ್ಲಿದೆ ಎಂಬ ಸಮಾಧಾನ ಇರುತ್ತದೆ. ನಮಗೆ ಅದೂ ಇಲ್ಲ.

ಜನವರಿಯಲ್ಲಿ ಊರಿಗೆ ಬಂದೆ. ಆ ಹೊತ್ತಿಗೆ ನನಗೂ ನಿನ್ನ ಹಾಗೆಯೇ. ಲ್ಯಾಪ್‌ಟಾಪ್ ಚೀಲ ಕಂಡರೆ ಸಿಟ್ಟು. ಬದಿಯಡ್ಕ ಪೇಟೆಯಲ್ಲಿ ಜೀನಸಿನ ಅಂಗಡಿಗೆ ಹೋದಾಗ ನೋಡುತ್ತೇನೆ, ಅಂಗಡಿಯವರ ಮೊಬೈಲಿನ ಗಾಜಿನ ಮೇಲೆ ಒಂದು ಸ್ಟಿಕ್ಕರ್. ಸೇಬಿನ ಮೇಲೆ ಇರುತ್ತದಲ್ಲ, ಅದು. 'ಎಂತದು ಇದು?' ಅಂತ ಕೇಳಿದೆ. 'ಅಲ್ಲಿ ಕೈ ತಾಗಿದರೆ ಎಂತೆಂತದೋ ಬರ್ತದೆ, ಮತ್ತೆ ಹಿಂದೆ ಬರ್ಲಿಕ್ಕೆ ಗೊತ್ತಾಗುದಿಲ್ಲ. ಅದಕ್ಕೆ ಅಂಟಿಸಿದ್ದು' ಅಂದರು. ಸ್ಟಿಕ್ಕರಿನ ಅಡಿಯಲ್ಲಿ ಇದ್ದದ್ದು ಅದೇ ಆಫರ್ ಬಟನ್.

ನಗು ಬಂತು, ಸಿಟ್ಟೂ ಬಂತು. ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ನಾನು ಹೇಳಿದ್ದು ಸರಿಯೇ ಇತ್ತು. ಆದರೆ ಆ ಮೀಟಿಂಗಿನಲ್ಲಿ ತೋರಿಸಲು ನನ್ನ ಹತ್ತಿರ ಒಬ್ಬ ಅಂಗಡಿಯವನೂ ಇರಲಿಲ್ಲ. ಎರಡು ವರ್ಷ ಅಂಗಡಿಯವರಿಗಾಗಿ ಸ್ಕ್ರೀನ್ ಮಾಡಿದ್ದೆ, ಒಂದು ಅಂಗಡಿಯ ಬೆಂಚಿನಲ್ಲೂ ಕೂತಿರಲಿಲ್ಲ. ಅವರನ್ನು ಕೇಳಿಕೊಂಡು ಆ ಸ್ಟಿಕ್ಕರಿನ ಫೋಟೋ ತೆಗೆದೆ. ಬೆಂಗಳೂರಿಗೆ ಹೋಗಿ ಮೀಟಿಂಗಿನಲ್ಲಿ ಅದೊಂದನ್ನೇ ತೋರಿಸಿದೆ. ಮಾತಾಡಲಿಲ್ಲ. ಎರಡು ವಾರದಲ್ಲಿ ಬಟನ್ ಬೇರೆ ಕಡೆಗೆ ಹೋಯಿತು.

ಕ್ರಿಸ್ಟಿನಾ ಮ್ಯಾಸ್ಲಾಕ್ ಅಂತ ಒಬ್ಬರಿದ್ದಾರೆ, ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಮಾಡಿದವರು. ಮೈಕೆಲ್ ಲೀಟರ್ ಜೊತೆ ಸೇರಿ 1997ರಲ್ಲಿ ಅವರು ಆರು ಜಾಗ ತೋರಿಸಿದರು. ಕೆಲಸದ ಹೊರೆ, ಕೈಯಲ್ಲಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಿರುವವರು, ನ್ಯಾಯ, ಮೌಲ್ಯ. ಈ ಆರರಲ್ಲಿ ಕೆಲಸಕ್ಕೂ ನಮಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಸುಡಲು ಶುರು. ನಾವೆಲ್ಲ ಹೊರೆಯೊಂದನ್ನೇ ನೋಡುತ್ತೇವೆ. 'ಕೆಲಸ ಜಾಸ್ತಿ' ಅನ್ನುತ್ತೇವೆ. ನನಗೆ ಹೊರೆಗಿಂತ ಹಿಡಿತ ಇಲ್ಲದ್ದೇ ಜಾಸ್ತಿ ಸುಟ್ಟಿತು. ನೀನೂ ಮೊದಲು ರಾತ್ರಿ ಹತ್ತರ ತನಕ ಖುಷಿಯಲ್ಲಿದ್ದೆ ಅಂತೀಯ. ಗಂಟೆ ಆಗಲೂ ಜಾಸ್ತಿಯೇ ಇತ್ತಲ್ಲ.

ಹಾಗಾಗಿ ಮೊದಲ ಕೆಲಸ, ನಿನ್ನದು ಎಲ್ಲಿ ಸುಡುತ್ತಿದೆ ಅಂತ ಕಂಡುಹಿಡಿ. ಶಾಲೆ ಮಕ್ಕಳ 100 ಪುಟದ ನೋಟ್‌ಬುಕ್ ಒಂದು ತಗೋ. ಆ್ಯಪ್ ಬೇಡ, ದಯವಿಟ್ಟು. ಎರಡು ವಾರ, ಸಂಜೆ ಐದೇ ನಿಮಿಷ. ಇವತ್ತು ಹಿಂಡಿದ್ದು ಏನು, ಒಂದಿಷ್ಟು ಜೀವ ಬಂದದ್ದು ಯಾವಾಗ. ನನ್ನ ಪುಸ್ತಕದಲ್ಲಿ 'ಮೂರನೇ ಸಲ ತಿದ್ದಿದ್ದು' ಅಂತ ಒಂಬತ್ತು ದಿನ ಬರೆದಿತ್ತು. 'ತುಂಬಾ ಕೆಲಸ' ಅಂತ ಬರೆದದ್ದು ಎರಡೇ ದಿನ. ನಾನೇ ನಂಬಲಿಲ್ಲ.

ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಮೂರು ವಿಷಯ ಕೇಳಿದೆ. 'ನನಗೆ ಬರ್ನ್‌ಔಟ್ ಆಗಿದೆ' ಅಂತ ಹೇಳಲಿಲ್ಲ. ಹಾಗೆ ಹೇಳಿದರೆ ಯೋಗ ಕ್ಲಾಸಿನ ಕೂಪನ್ ಕೊಟ್ಟು ಕಳಿಸುತ್ತಾರೆ, ಬಂದ ಅನುಭವ ಇದೆ. ವಾರದಲ್ಲಿ ಎರಡು ದಿನ ಮಧ್ಯಾಹ್ನದ ತನಕ ಮೀಟಿಂಗ್ ಬೇಡ. ತಿಂಗಳಿಗೆ ಒಂದು ದಿನ ಬಳಸುವವರ ಹತ್ತಿರ ಹೋಗಿ ಕೂರುತ್ತೇನೆ. ಪ್ರತಿ ಕೆಲಸ ಶುರುವಾಗುವ ಮೊದಲು ಕೊನೆಯ ಮಾತು ಯಾರದ್ದು ಅಂತ ಒಂದು ಹೆಸರು ಬರೆದಿಡಬೇಕು. ಮೊದಲ ಎರಡು ಸಿಕ್ಕಿತು. ಮೂರನೆಯದು ಸಿಗಲೇ ಇಲ್ಲ. ನಾಲ್ಕು ವಾರ ಸಂಬಳ ಇಲ್ಲದ ರಜೆಯನ್ನೂ ತೆಗೆದುಕೊಂಡೆ. ಒಂದು ವರ್ಷದ ಮೇಲೆ ಕಂಪನಿ ಬಿಟ್ಟೆ. ಫೋಟೋ ತೋರಿಸಿದ ದಿನದಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಬೆಳಿಗ್ಗೆ ಸಿಟ್ಟಿಲ್ಲದೆ ಏಳಲು ನನಗೆ ಹೆಚ್ಚುಕಡಿಮೆ ಎಂಟು ತಿಂಗಳು ಹಿಡಿಯಿತು.

ಮನೆಸಾಲ ಇದೆ ಅಂದೆ. ಹಾಗಾದರೆ ಈಗಲೇ ಬಿಡಬೇಡ. ಆರು ತಿಂಗಳ ಕಂತು ಮತ್ತು ಮನೆಖರ್ಚು ಬೇರೆ ಖಾತೆಯಲ್ಲಿ ಕೂಡಿಡಲು ಶುರು ಮಾಡು. ಆ ದುಡ್ಡು ಬೆನ್ನ ಹಿಂದೆ ಇದ್ದರೆ ಮ್ಯಾನೇಜರ್ ಹತ್ತಿರ ಮಾತಾಡುವ ಧ್ವನಿಯೇ ಬೇರೆ ಆಗುತ್ತದೆ. ಕೆಲವೊಮ್ಮೆ ಬಿಡುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು. ನಾನು ಚಿಕ್ಕವಳಿದ್ದಾಗ ಅಪ್ಪ ಗುಡ್ಡದ ಬುಡದಲ್ಲಿ ಸುರಂಗ ತೋಡಿಸಿದ್ದರು. ನಿಮ್ಮ ಕಡೆಯೂ ಇರಬಹುದು, ಮುರಕಲ್ಲಿನ ಒಳಗೆ ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ. ತೋಡುವವರು ಒಳಗೆ ಹೋಗುವಾಗ ಕ್ಯಾಂಡಲ್ ಕೊಂಡುಹೋಗುತ್ತಿದ್ದರು. ಬೆಳಕಿಗೆ ಅಂತ ನಾನು ತಿಳಿದಿದ್ದೆ. ಬೆಳಕಿಗೆ ಮಾತ್ರ ಅಲ್ಲ. ಕ್ಯಾಂಡಲ್ ಉರಿಯದಿದ್ದರೆ ಒಳಗೆ ಉಸಿರಾಡುವ ಗಾಳಿ ಕಡಿಮೆ ಅಂತ ಅರ್ಥ. ಆಗ ಹೊರಗೆ ಬಂದುಬಿಡುತ್ತಿದ್ದರು. 'ನನಗೇನೂ ಆಗಿಲ್ಲ, ಇನ್ನು ನಾಲ್ಕು ಕೋಲು ತೋಡುತ್ತೇನೆ' ಅಂತ ಯಾರೂ ಹೇಳುತ್ತಿರಲಿಲ್ಲ. ಒಳಗಿರುವವನಿಗೆ ತನ್ನ ಸ್ಥಿತಿ ಗೊತ್ತಾಗುವುದಿಲ್ಲ, ಅದಕ್ಕೇ ಕ್ಯಾಂಡಲ್. ನನ್ನ ಕ್ಯಾಂಡಲ್ ನನ್ನ ತಂಗಿ. 'ಅಕ್ಕ, ನೀನು ಫೋನಿನಲ್ಲಿ ಬರೀ ಹ್ಞೂಂ ಅಂತೀಯ' ಅಂತ ಅವಳು ಹೇಳಿದರೆ ಆ ವಾರದ ಕೆಲಸ ಅರ್ಧ ಕಡಿಮೆ ಮಾಡುತ್ತೇನೆ. ವಾದ ಮಾಡುವುದಿಲ್ಲ. ನಿನಗೂ ಅಂಥವರು ಒಬ್ಬರು ಬೇಕು.

ನಿದ್ದೆ ಪೂರ್ತಿ ಕೆಟ್ಟಿದ್ದರೆ, ಕೆಲಸದ ಹೊರಗೂ ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಅದು ನನ್ನ ಅಂಕಣದಲ್ಲಿ ಮುಗಿಯುವ ವಿಷಯ ಅಲ್ಲ. ಡಾಕ್ಟರ ಹತ್ತಿರ ಹೋಗು. ಮೊದಲು ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಇದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ಮೇಡಂ, ನಾನು ಸೀನಿಯರ್ ಡಿಸೈನರ್, 36 ವರ್ಷ. ಅಪ್ರೈಸಲ್‌ನಲ್ಲಿ ಪ್ರತಿ ಸಲ 'ಮ್ಯಾನೇಜರ್ ಆಗಿ' ಅನ್ನುತ್ತಾರೆ. ನನಗೆ ಡಿಸೈನ್ ಮಾಡುವುದೇ ಇಷ್ಟ. ಒಪ್ಪದಿದ್ದರೆ ಇಲ್ಲಿಗೇ ನಿಂತುಹೋಗುತ್ತೇನಾ?
— ಮಂಜೇಶ್ವರದಿಂದ ಮಂಗಳೂರಿಗೆ ದಿನಾ ಹೋಗಿಬರುವವ

ಉತ್ತರ: ನೀವು ಯಕ್ಷಗಾನ ನೋಡುವವರೇ ಇರಬೇಕು, ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರಲ್ವಾ. 30 ವರ್ಷ ಮದ್ದಳೆ ಬಾರಿಸಿದವರಿಗೆ ಯಾರಾದರೂ 'ಇನ್ನು ಮೇಳದ ಲೆಕ್ಕಪತ್ರ ನೋಡಿಕೊಳ್ಳಿ, ಅದೇ ನಿಮಗೆ ಬಡ್ತಿ' ಅಂತ ಹೇಳುತ್ತಾರಾ? ನಮ್ಮ ಕಂಪನಿಗಳಲ್ಲಿ ಹೇಳುತ್ತಾರೆ.

ದೊಡ್ಡ ಕಂಪನಿಗಳಲ್ಲಿ ಎರಡು ಏಣಿ ಇರುತ್ತವೆ. ಒಂದು ಮ್ಯಾನೇಜರ್ ಏಣಿ. ಇನ್ನೊಂದು ಲೀಡ್, ಸ್ಟಾಫ್, ಪ್ರಿನ್ಸಿಪಲ್ ಡಿಸೈನರ್ ಅಂತ ಕೈಕೆಲಸದಲ್ಲೇ ಮೇಲೆ ಹೋಗುವ ಏಣಿ. 'ನಮ್ಮಲ್ಲೂ ಎರಡಿದೆ' ಅಂತ ಎಲ್ಲರೂ ಹೇಳುತ್ತಾರೆ. ನಂಬುವ ಮೊದಲು ಎರಡು ಪ್ರಶ್ನೆ ಕೇಳಿ. ಪ್ರಿನ್ಸಿಪಲ್ ಡಿಸೈನರ್ ಹುದ್ದೆಯಲ್ಲಿ ಈಗ ಯಾರಿದ್ದಾರೆ? ಅವರ ಸಂಬಳದ ಹಂತ ಯಾವ ಮ್ಯಾನೇಜರ್ ಹಂತಕ್ಕೆ ಸಮ? ಮೊದಲನೆಯದಕ್ಕೆ ಹೆಸರು ಬಾರದಿದ್ದರೆ ಏಣಿ ಕಾಗದದಲ್ಲಿ ಮಾತ್ರ ಇದೆ.

ಮ್ಯಾನೇಜರ್ ಕೆಲಸ ಬೇಡ ಅಂತ ನೋಡದೆಯೇ ಹೇಳಬೇಡಿ. ಆರು ತಿಂಗಳು ಒಬ್ಬ ಹೊಸಬರನ್ನು ಜೊತೆಗಿಟ್ಟುಕೊಂಡು ಕೆಲಸ ಕಲಿಸಿ. ಅವರ ಸ್ಕ್ರೀನ್ ನಿಮ್ಮದಕ್ಕಿಂತ ಚೆಂದ ಬಂದ ದಿನ ಖುಷಿ ಆದರೆ ನಿಮಗೆ ಆ ಕೆಲಸ ಒಗ್ಗುತ್ತದೆ. ಇಲಿ ಹಿಡಿದ ಬೆಕ್ಕಿನ ಹಾಗೆ ಫೈಲನ್ನು ಕಸಿದು ನೀವೇ ತಿದ್ದಲು ಕೂತರೆ, ಬೇಡ. ನಾನು ಎರಡು ವರ್ಷ ಮ್ಯಾನೇಜರ್ ಆಗಿದ್ದೆ. ಕಸಿಯುತ್ತಿದ್ದೆ.

ಪ್ರಶ್ನೆ: ನಮಸ್ಕಾರ. ನಾನು ಅಡಿಕೆ ಕೃಷಿಕ, 64 ವರ್ಷ. ಮಗಳು ಮನೆಯಿಂದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಚೌಕ ಚೌಕ ಚಿತ್ರಗಳನ್ನು ಆಚೆ ಈಚೆ ಜರಗಿಸುತ್ತಾಳೆ. ರಾತ್ರಿ ಹನ್ನೊಂದೂವರೆಗೂ ಇಂಗ್ಲಿಷಿನಲ್ಲಿ ಮಾತು. ನವೆಂಬರ್ ಬಂದರೆ ಅದು ಇನ್ನೂ ತಡ. ಊಟ ತಣ್ಣಗಾಗುತ್ತದೆ. ಸಿಡುಕು ಬೇರೆ. ಇದು ಯಾವ ಕೆಲಸ? ಬಿಡು ಅಂತ ಹೇಳಲಾ?
— ಒಬ್ಬ ಅಪ್ಪ, ಮುಳ್ಳೇರಿಯ

ಉತ್ತರ: ಬಿಡು ಅಂತ ಮಾತ್ರ ಹೇಳಬೇಡಿ ಅಣ್ಣಾ. ಅವಳು ಅದನ್ನು ನೂರು ಸಲ ತನಗೆ ತಾನೇ ಹೇಳಿಕೊಂಡಿರುತ್ತಾಳೆ.

ಯಾವ ಕೆಲಸ ಅಂತ ಕೇಳಿದ್ದೀರಿ. ನಿಮ್ಮ ಚಾವಡಿಯ ಸ್ವಿಚ್‌ಬೋರ್ಡ್ ನೋಡಿ. ಎಂಟು ಸ್ವಿಚ್ ಸಾಲಾಗಿ ಇರಬಹುದು, ಎಲ್ಲ ಒಂದೇ ನಮೂನೆ. ನೆಂಟರು ಬಂದು ಫ್ಯಾನ್ ಹಾಕಲು ಹೋದರೆ ಅಂಗಳದ ಲೈಟ್ ಉರಿಯುತ್ತದೆ. ತಪ್ಪು ನೆಂಟರದ್ದಾ? ಬೋರ್ಡ್ ಜೋಡಿಸಿದವನದ್ದು. ಮೊಬೈಲಿನಲ್ಲಿ ಇಂಥ ತಪ್ಪು ಆಗದ ಹಾಗೆ ಸ್ವಿಚ್ ಎಲ್ಲಿರಬೇಕು, ಒತ್ತಿದ ಮೇಲೆ ಏನು ಕಾಣಬೇಕು ಅಂತ ಯೋಚಿಸುವುದು ನಿಮ್ಮ ಮಗಳ ಕೆಲಸ. ಡಾನ್ ನಾರ್ಮನ್ ಅಂತ ಒಬ್ಬರು 1993ರಲ್ಲಿ ಆ್ಯಪಲ್ ಕಂಪನಿಗೆ ಸೇರಿದಾಗ ತನ್ನ ಹುದ್ದೆಗೆ 'ಯೂಸರ್ ಎಕ್ಸ್‌ಪೀರಿಯನ್ಸ್' ಎಂಬ ಹೆಸರಿಟ್ಟುಕೊಂಡರು. ಅಲ್ಲಿಂದ ಆ ಮಾತು ಹಬ್ಬಿತು. ಚೌಕ ಜರಗಿಸುವುದು ಕಣ್ಣಿಗೆ ಕಾಣುವ ಭಾಗ. ತೋಟದಲ್ಲಿ ನೀವು ಸುಮ್ನೆ ಮರ ನೋಡುತ್ತಾ ತಿರುಗುತ್ತೀರಿ ಅಂತ ಪೇಟೆಯವರಿಗೆ ಕಾಣುವುದಿಲ್ವಾ, ಹಾಗೆ.

ನವೆಂಬರಿನ ಗುಟ್ಟು ನನಗೆ ಗೊತ್ತು. ಅವಳ ತಂಡದವರು ಬಹುಶಃ ಅಮೆರಿಕದಲ್ಲಿದ್ದಾರೆ. ಇಲ್ಲಿ ರಾತ್ರಿ 9.30 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅವರ 9 ಗಂಟೆಯ ಮೀಟಿಂಗ್ ನಮಗೆ 10.30 ಆಗುತ್ತದೆ. ಅವರಿಗೆ ಬೆಳಗಿನ ಕಾಫಿ, ನಿಮ್ಮ ಮಗಳಿಗೆ ತಣ್ಣನೆ ಊಟ. ಅವಳು ತಂಡದವರನ್ನು ಒಂದು ಮಾತು ಕೇಳಬಹುದು. ವಾರದಲ್ಲಿ ಎರಡೇ ರಾತ್ರಿ ಮೀಟಿಂಗ್ ಇಡೋಣ, ಮಿಕ್ಕದ್ದನ್ನು ವಿಡಿಯೊ ಮಾಡಿ ಕಳಿಸುತ್ತೇನೆ, ನಿಮ್ಮ ಸಮಯಕ್ಕೆ ನೋಡಿ ಉತ್ತರ ಬರೆಯಿರಿ ಅಂತ. ಡಿಸೈನ್ ಕೆಲಸದಲ್ಲಿ ಇದು ಆಗುತ್ತದೆ. ನಾನು ಮಾಡುತ್ತಿರುವುದೇ ಹಾಗೆ. ರಾತ್ರಿ ಮೀಟಿಂಗ್ ಇದ್ದ ಮರುದಿನ ಬೆಳಿಗ್ಗೆ ಹನ್ನೊಂದರ ಮೊದಲು ಅವಳನ್ನು ಎಬ್ಬಿಸಬೇಡಿ. 'ಹೊತ್ತು ನೆತ್ತಿಗೆ ಬಂತು' ಅಂತ ಬಾಗಿಲಲ್ಲಿ ನಿಂತು ಹೇಳಲೂಬೇಡಿ. ನನ್ನ ಅಪ್ಪ ಹೇಳುತ್ತಾರೆ.

ಊಟ ಎಂಟಕ್ಕೆ ಇಡಿ, ಒಟ್ಟಿಗೆ ಕೂತು ಉಣ್ಣಿ. ಆಮೇಲೆ ಒಂದು ದಿನ 'ನೀನು ಮಾಡಿದ್ದು ಯಾವುದಾದರೂ ತೋರಿಸು, ನಾನು ಒತ್ತಿ ನೋಡ್ತೇನೆ' ಅಂತ ಹೇಳಿ. ಇನ್ನೂ ಹೊರಬಾರದ್ದನ್ನು ಅವಳು ತೋರಿಸುವ ಹಾಗಿಲ್ಲ, ಕಂಪನಿಯ ಗುಟ್ಟು. ಹೊರಬಂದದ್ದನ್ನು ತೋರಿಸಬಹುದು. ನಿಮಗೆ ಗೊತ್ತಾಗದಿದ್ದರೆ ನಾಚಿಕೆ ಬೇಡ, ಬೈಯಿರಿ. ಡಿಸೈನರಿಗೆ 64 ವರ್ಷದ ಕೃಷಿಕ ಮನೆಯಲ್ಲೇ ಸಿಗುವುದು ದೊಡ್ಡ ಲಾಭ.

ಪ್ರಶ್ನೆ: ಅಕ್ಕಾ, ನಾನು 24. ಕೆಲಸಕ್ಕೆ ಸೇರಿ ಎರಡು ವರ್ಷ. ವಾರಕ್ಕೊಂದು ಹೊಸ ಎಐ ಟೂಲ್ ಬರುತ್ತದೆ. ರಾತ್ರಿ ಕೋರ್ಸ್, ಭಾನುವಾರ ಪೋರ್ಟ್‌ಫೋಲಿಯೊ. ಒಂದು ದಿನ ಬಿಟ್ಟರೂ ಹಿಂದೆ ಬಿದ್ದೆ ಅನಿಸುತ್ತದೆ. ಸದ್ಯ ನಾಲ್ಕು ಕೋರ್ಸ್ ಅರ್ಧ ಆಗಿವೆ. ಯಾವುದನ್ನು ಮುಗಿಸಲಿ?
— ಪೆರ್ಲ

ಉತ್ತರ: ನಾಲ್ಕನ್ನೂ ಬಿಡು ತಮ್ಮಾ. ನಿಜಕ್ಕೂ.

ನಾನು ಕಲಿತ ಟೂಲ್‌ಗಳ ಶ್ರಾದ್ಧದ ಪಟ್ಟಿ ಹೇಳುತ್ತೇನೆ ಕೇಳು. ಫೋಟೋಶಾಪಿನಲ್ಲಿ ವೆಬ್‌ಸೈಟ್ ಬರೆಯುತ್ತಿದ್ದೆವು, ಈಗ ಯಾರೂ ಬರೆಯುವುದಿಲ್ಲ. ಫೈರ್‌ವರ್ಕ್ಸ್ ಅಂತ ಒಂದಿತ್ತು, ಪ್ರಾಣಕ್ಕೆ ಪ್ರಾಣ. 2013ರಲ್ಲಿ ಅಡೋಬಿ ಕಂಪನಿ ಅದನ್ನು ಮುಂದುವರಿಸುವುದಿಲ್ಲ ಅಂದಿತು. 2010ರಲ್ಲಿ ಸ್ಕೆಚ್ ಬಂತು, ಅದಕ್ಕಾಗಿ ಸಾಲ ಮಾಡಿ ಮ್ಯಾಕ್ ಕೊಂಡೆ. ಇನ್‌ವಿಷನ್ ಇಲ್ಲದೆ ಡಿಸೈನರ್ ಇಲ್ಲ ಅನ್ನುತ್ತಿದ್ದರು, 2024ರ ಕೊನೆಗೆ ಅದೂ ಬಾಗಿಲು ಹಾಕಿತು. ಫಿಗ್ಮಾ ಎಲ್ಲರ ಕೈಗೆ ಸಿಕ್ಕಿದ್ದು 2016ರಲ್ಲಿ. 2022ರಲ್ಲಿ ಅಡೋಬಿ ಅದನ್ನು 20 ಬಿಲಿಯನ್ ಡಾಲರಿಗೆ ಕೊಳ್ಳುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಅರ್ಧ ಜನ ಅತ್ತರು. ಮರುವರ್ಷ ಡಿಸೆಂಬರಿನಲ್ಲಿ ಆ ವ್ಯಾಪಾರ ಮುರಿಯಿತು. ಅತ್ತದ್ದು ದಂಡ.

ಟೂಲ್ ಬೇಡ ಅನ್ನುತ್ತಿಲ್ಲ. ಆಫೀಸಿನ ಕೆಲಸಕ್ಕೆ ಯಾವುದು ಬೇಕೋ ಅದನ್ನು ಆಫೀಸಿನ ಹೊತ್ತಿನಲ್ಲೇ ಕಲಿ. ಎಐ ಕೂಡ ಹಾಗೆಯೇ. ನಾನೂ ಬಳಸುತ್ತೇನೆ. ಹತ್ತು ಬಗೆಯ ಸ್ಕ್ರೀನ್ ನಿಮಿಷದಲ್ಲಿ ಹಾಕಿಕೊಡುತ್ತದೆ. ಆ ಹತ್ತರಲ್ಲಿ ಯಾವುದು ಪೆರ್ಲ ಪೇಟೆಯ ರೇಷನ್ ಅಂಗಡಿಯ ಎದುರು ಬಿಸಿಲಲ್ಲಿ ನಿಂತವರಿಗೆ ಆಗುತ್ತದೆ ಅಂತ ಹೇಳಲು ಅಲ್ಲಿ ನಿಂತು ನೋಡಿದವರೇ ಬೇಕು.

ಬೇಗ ಹಳತಾಗದ್ದನ್ನು ಕಲಿ. ಮಾಮೂಲಿ ಗಾತ್ರದ ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಇರಬೇಕಾದ ಹೊಳಪಿನ ವ್ಯತ್ಯಾಸ ಕಡಿಮೆ ಅಂದರೆ 4.5ಕ್ಕೆ 1. ವೆಬ್ ಎಲ್ಲರಿಗೂ ಎಟುಕುವ ಹಾಗಿರಬೇಕು ಎಂಬ ಡಬ್ಲ್ಯುಸಿಎಜಿ ನಿಯಮಗಳಲ್ಲಿ ಇದು 2008ರಲ್ಲಿ ಇತ್ತು, 2023ರ ಆವೃತ್ತಿಯಲ್ಲೂ ಇದೆ. ಅಷ್ಟರಲ್ಲಿ ಎಷ್ಟು ಟೂಲ್ ಸತ್ತವು ಲೆಕ್ಕ ಹಾಕು.

ಇನ್ನೊಂದು ನಿನ್ನ ಮನೆಯಲ್ಲೇ ಇದೆ. ನೀನು ಬಹುಶಃ ತುಳುವಿನಲ್ಲಿ ಆಡಿ, ಕನ್ನಡದಲ್ಲಿ ಕಲಿತು, ಬಸ್ಸಿನ ಬೋರ್ಡನ್ನು ಮಲಯಾಳದಲ್ಲಿ ಓದಿ ಬೆಳೆದವನು. ಕಾಸರಗೋಡಿನವರಿಗೆ ಇದು ವಿಶೇಷ ಅಂತಲೇ ಅನಿಸುವುದಿಲ್ಲ. ಬೆಂಗಳೂರಿನ ಡಿಸೈನ್ ತಂಡಗಳಲ್ಲಿ ಇಂಗ್ಲಿಷಿನಲ್ಲಿ ಸ್ಕ್ರೀನ್ ಮಾಡಿ ಕೊನೆಗೆ ಕನ್ನಡ ತುಂಬುವುದನ್ನು ತುಂಬಾ ನೋಡಿದ್ದೇನೆ. 'ನೆಕ್ಸ್ಟ್' ಇದ್ದ ಬಟನ್ನಿನಲ್ಲಿ 'ಮುಂದುವರಿಸಿ' ಹಿಡಿಸುವುದಿಲ್ಲ. ಸಾಲುಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, 'ರಾಷ್ಟ್ರ'ದ ಒತ್ತಕ್ಷರ ಅರ್ಧಕ್ಕೆ ತುಂಡಾಗುತ್ತದೆ. ಫಾರ್ಮಿನಲ್ಲಿ 'ಸರ್‌ನೇಮ್' ಕೇಳುತ್ತಾರೆ. ನಮ್ಮಲ್ಲಿ ಎಷ್ಟೋ ಜನರಿಗೆ ಇರುವುದು ಮನೆಹೆಸರು ಮತ್ತು ಇನಿಷಿಯಲ್. ಇದನ್ನೆಲ್ಲ ಚೆನ್ನಾಗಿ ತಿಳಿದವನು ತಂಡದಲ್ಲಿ ಒಬ್ಬನಿದ್ದರೆ ಅವನ ಮಾತಿಗೆ ತೂಕ ಬರುತ್ತದೆ.

ಭಾನುವಾರದ ಪೋರ್ಟ್‌ಫೋಲಿಯೊ ಬದಲು ತಿಂಗಳಿಗೆ ಒಂದೇ ಶನಿವಾರ ಇಟ್ಟುಕೋ. ಯಾವುದಾದರೂ ಒಂದು ಆ್ಯಪ್, ಐದು ಜನ. ದೊಡ್ಡಮ್ಮ, ಆಟೋದವರು, ಯಾರಾದರೂ. 'ಇದರಲ್ಲಿ ಕರೆಂಟ್ ಬಿಲ್ ಕಟ್ಟಿ ತೋರಿಸಿ' ಅಂತ ಹೇಳಿ ಬಾಯಿ ಮುಚ್ಚಿ ನೋಡು. ಬಾಯಿ ಮುಚ್ಚುವುದೇ ಕಷ್ಟ. ಐದು ಜನ ಸಾಕಾ ಅಂತ ಕೇಳಬೇಡ. ಯುಎಕ್ಸ್ ತಜ್ಞ ಯಾಕೊಬ್ ನೀಲ್ಸನ್ 2000ದಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ, ಐದು ಜನರಲ್ಲೇ ಸುಮಾರು 85 ಶೇಕಡಾ ತೊಂದರೆಗಳು ಕಾಣಸಿಗುತ್ತವೆ ಅಂತ. ನನ್ನ ದೊಡ್ಡಮ್ಮ ಹಣ ಕಳಿಸುವಾಗ ಚಕ್ರ ತಿರುಗಲು ಶುರುವಾದ ಕೂಡಲೇ ಹಿಂದೆ ಹೋಗುವ ಬಟನ್ ಒತ್ತುತ್ತಿದ್ದರು. ಯಾಕೆ ಅಂದರೆ 'ಎರಡು ಸಲ ಹೋದರೆ?' ಅಂದರು. ಯಾವ ಕೋರ್ಸಿನಲ್ಲೂ ನನಗೆ ಇದು ಸಿಕ್ಕಿರಲಿಲ್ಲ. ನೀನು ಕಂಡದ್ದನ್ನು ಒಂದು ಪುಟ ಬರೆದಿಡು. ವರ್ಷಕ್ಕೆ 12 ಪುಟ. ಇಂಟರ್‌ವ್ಯೂನಲ್ಲಿ ನಾನು ಕೂತರೆ ಆ 12 ಪುಟಕ್ಕೇ ಮಾರ್ಕು ಕೊಡುತ್ತೇನೆ.

ಉಳಿದ ಭಾನುವಾರ ಮಲಗು. ಇಲ್ಲದಿದ್ದರೆ ಏಳು ವರ್ಷದ ಮೇಲೆ ನೀನೂ ಕುಂಬಳೆಯ ತಂಗಿಯ ಹಾಗೆ ಪತ್ರ ಬರೆಯುತ್ತೀಯ.

ಪ್ರಶ್ನೆ: ನೀವು ಊರಿಗೆ ಬಂದು ತೋಟ ನೋಡಿಕೊಂಡು ಆರಾಮಾಗಿದ್ದೀರಿ. ನಾವೂ ಹಾಗೆ ಬಂದುಬಿಟ್ಟರೆ ಈ ಬರ್ನ್‌ಔಟ್ ಎಲ್ಲ ಇರುವುದಿಲ್ಲ ಅಲ್ವಾ?
— ಉಪ್ಪಳದವರು, ಸದ್ಯ ಬೆಂಗಳೂರು

ಉತ್ತರ: ತೋಟ ಆರಾಮ ಅಂತ ಹೇಳಿದವರು ಯಾರು ಮಾರಾಯ್ರೇ? ಒಮ್ಮೆ ಜುಲೈಯಲ್ಲಿ ಬನ್ನಿ.

ಊರಿಗೆ ಬಂದ ಮೊದಲ ವರ್ಷ ನಾನು ಮತ್ತೆ ಹತ್ತಿರಹತ್ತಿರ ಕೆಟ್ಟೆ. ಕಾರಣ ಬೇರೆ. ಆ ಆರು ಜಾಗ ಹೇಳಿದೆನಲ್ಲ, ಅದರಲ್ಲಿ 'ಜೊತೆಗಿರುವವರು' ಅಂತ ಒಂದಿದೆ. ಇಲ್ಲಿ ಹಿಡಿತ ಇತ್ತು, ಹೊರೆ ಕಡಿಮೆ ಇತ್ತು, ಆದರೆ ಕೆಲಸದ ಬಗ್ಗೆ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಮಾಡಿದ್ದು ಚೆನ್ನಾಗಿದೆಯಾ, ಹಾಳಾಗಿದೆಯಾ ಹೇಳುವವರಿಲ್ಲ. ಮಳೆಗೆ ಕರೆಂಟ್ ಹೋದರೆ ಇಂಟರ್‌ನೆಟ್ ಹೋಯಿತು, ಎರಡು ದಿನ ಯಾರ ಮುಖವೂ ಇಲ್ಲ. ಈಗ ಮೂವರು ಡಿಸೈನರುಗಳು ಗುರುವಾರ ಸಂಜೆ ಒಂದು ಗಂಟೆ ಫೋನಿನಲ್ಲಿ ಸೇರುತ್ತೇವೆ. ಒಬ್ಬರು ಮಡಿಕೇರಿ, ಒಬ್ಬರು ಪುಣೆ. ಒಬ್ಬರ ಕೆಲಸವನ್ನು ಮಿಕ್ಕ ಇಬ್ಬರು ನೋಡಿ ಬೈಯಬೇಕು. ಅದು ತಪ್ಪುವುದಿಲ್ಲ. ಬರುವುದಾದರೆ ಬನ್ನಿ, ಆದರೆ ಅಂಥ ಇಬ್ಬರನ್ನು ಮೊದಲೇ ಹುಡುಕಿಕೊಂಡು ಬನ್ನಿ. ಇನ್ವರ್ಟರ್ ಕೂಡ ತನ್ನಿ.

ಉತ್ತರ ಇಲ್ಲಿಗೆ ನಿಲ್ಲಿಸುತ್ತೇನೆ. ಕೊಳೆರೋಗಕ್ಕೆ ಎರಡನೇ ಸುತ್ತು ಮದ್ದು ಬಿಡಲು ನಾಳೆ ಬರುತ್ತೇವೆ ಅಂದಿದ್ದಾರೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಬಂದಿದೆ, ಸುಣ್ಣ ಇನ್ನೂ ತರಬೇಕು. ಮಳೆ ಒಂದು ಬಿಟ್ಟರೆ ಆಯಿತು.